ಚಿತ್ತಾ ನಕ್ಷತ್ರದಿಂದ ಮೂರು ಮುಷ್ಟಿ

ಪ್ರಶ್ನೆ: ನಾನು ಸೇಡಂ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಹತ್ತನೆಯ ತರಗತಿಯ ಹುಡುಗನೊಬ್ಬ ಮೊಬೈಲಿನಲ್ಲಿ ವಿಡಿಯೋ ನೋಡಿ ಬಂದು, ‘ಮೇಡಂ, ಯಾವುದೋ ಗೆಲಾಕ್ಸಿ ಭೂಮಿಗೇ ಗುರಿಯಿಟ್ಟು ಗ್ಯಾಮಾ ಕಿರಣ ಹೊಡೆಯುತ್ತಿದೆಯಂತೆ, ಅದರೊಳಗಿನ ಗಂಟುಗಳು ಬೆಳಕಿಗಿಂತ ಏಳು ಪಟ್ಟು ಜೋರಾಗಿ ಓಡುತ್ತವಂತೆ, ನಿಜವೇ?’ ಎಂದು ಕೇಳಿದ. ಬೆಳಕನ್ನು ಮೀರಿಸುವ ವೇಗವಿಲ್ಲ ಎಂದು ಹಿಂದಿನ ವಾರವಷ್ಟೇ ನಾನು ಪಾಠ ಮಾಡಿದ್ದೆ. ಗ್ಯಾಮಾ ಕಿರಣದ ವಿಷಯಕ್ಕೆ ರೇಡಿಯೋ ದೂರದರ್ಶಕ ಏಕೆ ಬೇಕು ಎಂಬುದೂ ನನಗೆ ಹೊಳೆಯಲಿಲ್ಲ. ದಯವಿಟ್ಟು ವಿವರಿಸಿ.

ಉತ್ತರ: ಮೇಡಂ, ನಿಮ್ಮ ಹುಡುಗ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿಯಾಗಿದೆ. ‘ಗುರಿಯಿಟ್ಟು’ ಎಂಬ ಒಂದು ಮಾತು ಮಾತ್ರ ದಾರಿ ತಪ್ಪಿಸುತ್ತದೆ. ಮೊದಲು ಅದನ್ನೇ ಬಿಡಿಸೋಣ, ಏಕೆಂದರೆ ಏಳು ಪಟ್ಟು ವೇಗದ ಗುಟ್ಟೂ ಅದರಲ್ಲೇ ಅಡಗಿದೆ.

ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ ರಾತ್ರಿ ಹೊತ್ತು ರೈಲು ಕಾಯುತ್ತ ನಿಂತಿದ್ದೀರಾ? ಗಾಡಿ ಇನ್ನೂ ತಿರುವಿನಲ್ಲಿರುವಾಗ ಎಂಜಿನ್ನಿನ ದೀಪ ಪಕ್ಕದ ಕಲ್ಲುಗಣಿಯ ಮಣ್ಣುಗುಡ್ಡೆಗಳ ಮೇಲೆ ಮಸುಕಾಗಿ ಹರಿದಾಡುತ್ತದೆ. ಗಾಡಿ ತಿರುವು ದಾಟಿ ಹಳಿ ನೇರವಾಯಿತೋ, ಕಣ್ಣು ಬಿಡಲಾಗದಷ್ಟು ಬೆಳಕು. ದೀಪ ಅದೇ, ಅದರ ಕರೆಂಟೂ ಅದೇ. ನೀವು ಅದರ ಸಾಲಿಗೆ ಸಿಕ್ಕಿದಿರಿ, ಅಷ್ಟೇ. ಅದೇ ಗಾಡಿಯ ಕೊನೆಯ ಡಬ್ಬಿಯ ಹಿಂದೆ ಇನ್ನೊಂದು ದೀಪ ಉರಿಯುತ್ತಿದ್ದರೂ ನಿಮಗೆ ಅದು ಕಾಣುವುದೇ ಇಲ್ಲ.

ಗೆಲಾಕ್ಸಿಗಳ ಕೇಂದ್ರದಲ್ಲಿ ಭಾರೀ ಕಪ್ಪುಕುಳಿಗಳಿವೆ (ಬ್ಲ್ಯಾಕ್ ಹೋಲ್). ಹೆಚ್ಚಿನವು ಸುಮ್ಮನಿವೆ. ಕೆಲವಕ್ಕೆ ಮಾತ್ರ ಸುತ್ತಲಿನಿಂದ ಅನಿಲ ಸುರುಳಿಯಾಗಿ ಬಂದು ಬೀಳುತ್ತಿರುತ್ತದೆ. ಅಂಥವನ್ನು ಸಕ್ರಿಯ ಗೆಲಾಕ್ಸಿಗಳು ಎನ್ನುತ್ತೇವೆ. ಅವುಗಳಲ್ಲೂ ಕೆಲವೇ ಕೆಲವು, ಬಂದದ್ದರಲ್ಲಿ ಒಂದಷ್ಟನ್ನು ನುಂಗದೆ, ತಿರುಗುವ ಅಕ್ಷದ ಎರಡೂ ಕಡೆಗೆ ಸಪೂರವಾದ ಧಾರೆಯಾಗಿ ಚಿಮ್ಮಿಸುತ್ತವೆ. ಅದೇ ಜೆಟ್. ಒಂದು ಆ ಕಡೆ, ಒಂದು ಈ ಕಡೆ, ಬೆಳಕಿನ ವೇಗಕ್ಕೆ ಕೂದಲೆಳೆಯಷ್ಟು ಕಡಿಮೆ. ಇದನ್ನು ಮೊದಲು ಕಂಡವರು ಅಮೆರಿಕದ ಖಗೋಳವಿಜ್ಞಾನಿ ಹೀಬರ್ ಕರ್ಟಿಸ್. 1918ರಲ್ಲಿ ಎಂ87 ಎಂಬ ಗೆಲಾಕ್ಸಿಯ ಚಿತ್ರದಲ್ಲಿ ನಡುವಿನಿಂದ ಹೊರಟ ಒಂದು ವಿಚಿತ್ರವಾದ ನೇರ ಗೆರೆಯನ್ನು ಅವರು ಗುರುತಿಸಿದರು. ಅದೇನೆಂದು ಆಗ ಯಾರಿಗೂ ತಿಳಿಯಲಿಲ್ಲ. 2019ರ ಏಪ್ರಿಲ್‌ನಲ್ಲಿ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂದ, ಕಪ್ಪು ನಡುವಿನ ಕೆಂಪು ಉಂಗುರದ ಚಿತ್ರ ನೆನಪಿದೆಯಲ್ಲ, ಅದು ಈ ಎಂ87ರ ಕಪ್ಪುಕುಳಿಯದೇ. ತೂಕ ಸುಮಾರು 650 ಕೋಟಿ ಸೂರ್ಯರಷ್ಟು, ದೂರ ಸುಮಾರು 5.5 ಕೋಟಿ ಜ್ಯೋತಿರ್ವರ್ಷ.

ಜೆಟ್ ಯಾವ ದಿಕ್ಕಿಗೆ ಬೇಕಾದರೂ ಮುಖ ಮಾಡಿರಬಹುದು, ಅದಕ್ಕೆ ನಮ್ಮ ಹಂಗಿಲ್ಲ. ಲಕ್ಷಾಂತರ ಜೆಟ್‌ಗಳಲ್ಲಿ ಕೆಲವು ನಮ್ಮತ್ತ ತಿರುಗಿರಲೇಬೇಕು. ಹಾಗೆ ತಿರುಗಿದವಕ್ಕೆ ಬ್ಲೇಜಾರ್ ಎಂದು ಹೆಸರು. 2008ರ ಜೂನ್‌ನಲ್ಲಿ ಹಾರಿದ ಫರ್ಮಿ ಉಪಗ್ರಹ ಇಡೀ ಆಕಾಶವನ್ನು ಮೂರು ಗಂಟೆಗೊಮ್ಮೆ ಗ್ಯಾಮಾ ಕಣ್ಣಿನಲ್ಲಿ ಸವರುತ್ತದೆ. ಅದರ ಪಟ್ಟಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸಕ್ರಿಯ ಗೆಲಾಕ್ಸಿಗಳಿವೆ, ಅವುಗಳಲ್ಲಿ ನೂರಕ್ಕೆ 98ರಷ್ಟು ಬ್ಲೇಜಾರ್‌ಗಳೇ. ಇದನ್ನು ಓದಿ ‘ವಿಶ್ವದ ಜೆಟ್‌ಗಳೆಲ್ಲ ನಮ್ಮನ್ನೇ ನೋಡುತ್ತಿವೆ’ ಎನ್ನುವವರು, ಪ್ಲಾಟ್‌ಫಾರ್ಮಿನಲ್ಲಿ ನಿಂತು ‘ಎಲ್ಲ ಎಂಜಿನ್‌ಗಳೂ ನನ್ನ ಕಣ್ಣಿಗೇ ದೀಪ ಬಿಡುತ್ತವೆ’ ಎಂದು ದೂರಿದಂತೆ. ಸಾಲಿಗೆ ಸಿಗದವು ಆ ಪಟ್ಟಿಗೆ ಸೇರುವುದೇ ಕಷ್ಟ.

ಇನ್ನು ನಿಮ್ಮ ಸ್ವಂತ ಪ್ರಶ್ನೆ, ರೇಡಿಯೋ ಏಕೆ ಎಂಬುದು. ನನ್ನ ಮಟ್ಟಿಗೆ ಹುಡುಗನ ಪ್ರಶ್ನೆಗಿಂತ ಇದೇ ರುಚಿಯಾದದ್ದು.

ಗ್ಯಾಮಾ ಕಿರಣವನ್ನು ಕನ್ನಡಿ ಹಿಡಿದು ಒಂದೆಡೆ ಕೂಡಿಸಲು ಬರುವುದಿಲ್ಲ, ಅದು ಕನ್ನಡಿಯನ್ನೇ ಹಾದುಹೋಗುತ್ತದೆ. ಆದ್ದರಿಂದ ಫರ್ಮಿಯೊಳಗೆ ಟಂಗ್‌ಸ್ಟನ್ ಹಾಳೆಗಳನ್ನು ಪದರಪದರವಾಗಿ ಇಟ್ಟಿದ್ದಾರೆ. ಕಿರಣ ಅದಕ್ಕೆ ಬಡಿದು ಒಂದು ಎಲೆಕ್ಟ್ರಾನ್ ಮತ್ತು ಒಂದು ಪಾಸಿಟ್ರಾನ್ ಆಗಿ ಒಡೆಯುತ್ತದೆ. ಆ ಜೋಡಿ ಓಡಿದ ಜಾಡನ್ನು ಸಿಲಿಕಾನ್ ಪಟ್ಟಿಗಳು ಹಿಡಿಯುತ್ತವೆ, ಜಾಡಿನಿಂದ ಹಿಂದಕ್ಕೆ ಗೆರೆ ಎಳೆದು ಬಂದ ದಿಕ್ಕನ್ನು ಅಂದಾಜು ಮಾಡುತ್ತಾರೆ. ಅಂದಾಜೇ. ಒಂದು ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಒಂದು ಕಿರಣಕ್ಕೆ ದಿಕ್ಕಿನಲ್ಲಿ ಸುಮಾರು ಒಂದು ಡಿಗ್ರಿ ಹೆಚ್ಚುಕಡಿಮೆ. ಹುಣ್ಣಿಮೆಯ ಚಂದ್ರನ ಅಗಲವೇ ಅರ್ಧ ಡಿಗ್ರಿ. ಎಷ್ಟೋ ಕಿರಣಗಳನ್ನು ಕೂಡಿಸಿ ಜಾಗವನ್ನು ಇನ್ನಷ್ಟು ಕಿರಿದು ಮಾಡಿಕೊಂಡರೂ ಆ ತುಣುಕು ಆಕಾಶದಲ್ಲಿ ಗೆಲಾಕ್ಸಿಗಳಿಗೇನು ಬರವೇ? ‘ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಗಲಾಟೆ ಆಗುತ್ತಿದೆ’ ಎಂದು ಸುದ್ದಿ ಬಂದ ಹಾಗೆ ಅದು. ಯಾವ ಗಲ್ಲಿ, ಯಾವ ಅಂಗಡಿ ಎಂದು ತಿಳಿಯಬೇಕಾದರೆ ರೇಡಿಯೋ ಬೇಕು.

ಆ ರೇಡಿಯೋ ಕಣ್ಣು ಎಷ್ಟು ಚುರುಕು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅಮೆರಿಕದಲ್ಲಿ ತಲಾ 25 ಮೀಟರ್ ಅಗಲದ ಹತ್ತು ರೇಡಿಯೋ ತಟ್ಟೆಗಳ ಒಂದು ಸಾಲಿದೆ. ಒಂದು ತುದಿ ಹವಾಯಿಯ ಬೆಟ್ಟದ ಮೇಲೆ, ಇನ್ನೊಂದು ಕೆರಿಬಿಯನ್ ದ್ವೀಪದಲ್ಲಿ, ನಡುವೆ ಸುಮಾರು 8,000 ಕಿಲೋಮೀಟರ್. ಹತ್ತೂ ಒಂದೇ ಗೆಲಾಕ್ಸಿಯತ್ತ ಮುಖ ಮಾಡಿ, ಬಂದ ಅಲೆಗಳನ್ನು ಪರಮಾಣು ಗಡಿಯಾರದ ಲೆಕ್ಕದೊಂದಿಗೆ ಡಿಸ್ಕ್‌ಗಳಲ್ಲಿ ಬರೆದುಕೊಳ್ಳುತ್ತವೆ. ಆ ಡಿಸ್ಕ್‌ಗಳನ್ನು ನ್ಯೂ ಮೆಕ್ಸಿಕೋದ ಸೊಕೋರೊ ಊರಿಗೆ ಕಳುಹಿಸಿ, ಅಲ್ಲಿ ಹತ್ತು ದಾಖಲೆಗಳನ್ನೂ ಒಂದರ ಮೇಲೊಂದು ಕೂಡಿಸುತ್ತಾರೆ. ಆಗ ಹತ್ತು ತಟ್ಟೆಗಳು ಸೇರಿ 8,000 ಕಿಲೋಮೀಟರ್ ಅಗಲದ ಒಂದೇ ತಟ್ಟೆಯಂತೆ ಕೆಲಸ ಮಾಡುತ್ತವೆ. 2 ಸೆಂಟಿಮೀಟರ್ ಉದ್ದದ ಅಲೆಯಲ್ಲಿ ನೋಡಿದರೆ ಸುಮಾರು 10,000 ಕಿಲೋಮೀಟರ್ ದೂರದಲ್ಲಿಟ್ಟ ಹತ್ತು ರೂಪಾಯಿ ನಾಣ್ಯದ ಅಗಲವನ್ನು ಅಳೆಯುವಷ್ಟು ಹರಿತ. ಅಲೆಯ ಉದ್ದವನ್ನು ತಟ್ಟೆಯ ಅಗಲದಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ, ಹುಡುಗರಿಂದಲೇ ಮಾಡಿಸಿ. ಇದೇ 2 ಸೆಂಟಿಮೀಟರ್‌ನಲ್ಲಿ ಮೊಜಾವೆ ಎಂಬ ಯೋಜನೆಯವರು ನೂರಾರು ಜೆಟ್‌ಗಳ ಚಿತ್ರವನ್ನು ವರ್ಷಗಟ್ಟಲೆ ಮತ್ತೆ ಮತ್ತೆ ತೆಗೆಯುತ್ತ ಬಂದಿದ್ದಾರೆ.

ಚಿತ್ರ ಹೇಗಿರುತ್ತದೆ? ಮೊದಲ ಸಲ ನೋಡಿದವರಿಗೆ ನಿರಾಸೆಯೇ. ಒಂದು ತುದಿಯಲ್ಲಿ ಪ್ರಖರವಾದ ಚುಕ್ಕೆ, ಅದರಿಂದ ಒಂದೇ ಕಡೆಗೆ ಹೊರಟ ಬಾಲ, ಬಾಲದಲ್ಲಿ ಅಲ್ಲಲ್ಲಿ ದಪ್ಪನೆಯ ಗಂಟುಗಳು. ಚುಕ್ಕೆಗೆ ತಿರುಳು ಎನ್ನೋಣ. ಬಹಳ ಮಂದಿ ಅದನ್ನೇ ಕಪ್ಪುಕುಳಿ ಎಂದುಕೊಳ್ಳುತ್ತಾರೆ, ಪಾಠ ಹೇಳುವ ಕಾಲಕ್ಕೆ ನಾನೂ ಕೆಲವು ವರ್ಷ ಹಾಗೆಯೇ ಹೇಳಿಬಿಟ್ಟಿದ್ದೆ. ಅದು ಕಪ್ಪುಕುಳಿಯಲ್ಲ. ಜೆಟ್ ಬುಡದಲ್ಲಿ ಎಷ್ಟು ದಟ್ಟವಾಗಿರುತ್ತದೆಂದರೆ ತನ್ನದೇ ರೇಡಿಯೋ ಅಲೆಗಳನ್ನು ತಾನೇ ನುಂಗುತ್ತದೆ. ಹೊಗೆಯಂಥ ಆ ದಟ್ಟಣೆ ಎಲ್ಲಿ ತೆಳುವಾಗುತ್ತದೋ ಅಲ್ಲಿಂದ ಮುಂದೆ ನಮಗೆ ಕಾಣುತ್ತದೆ, ಆ ಅಂಚೇ ತಿರುಳು. ಅಲೆಯ ಉದ್ದ ಕಡಿಮೆ ಮಾಡಿದಂತೆಲ್ಲ ಹೊಗೆಯೊಳಗೆ ಇನ್ನಷ್ಟು ಆಳಕ್ಕೆ ನೋಟ ಇಳಿಯುತ್ತದೆ, ತಿರುಳೂ ಬುಡದತ್ತ ಜರಗುತ್ತದೆ. ಎಂ87ರ ಉಂಗುರವನ್ನು ಹಿಡಿಯಲು 1.3 ಮಿಲಿಮೀಟರ್‌ವರೆಗೆ ಇಳಿಯಬೇಕಾದದ್ದಕ್ಕೆ ಇದೂ ಒಂದು ಕಾರಣ.

ಈಗ ಹುಡುಗನ ಏಳು ಪಟ್ಟು ವೇಗ. 1971ರಲ್ಲಿ 3ಸಿ 273 ಮತ್ತು 3ಸಿ 279 ಎಂಬ ಎರಡು ಬ್ಲೇಜಾರ್‌ಗಳ ಗಂಟುಗಳು ತಿಂಗಳುಗಳ ಅಂತರದಲ್ಲಿ ಸರಿದದ್ದು ಕಂಡಿತು. ದೂರದಿಂದ ಲೆಕ್ಕ ಹಾಕಿದರೆ ಬೆಳಕಿಗಿಂತ ಹಲವು ಪಟ್ಟು ವೇಗ. ಗಾಬರಿಯಾಗುವ ಕಾರಣವಿರಲಿಲ್ಲ, ಹೀಗೆ ಕಂಡೀತು ಎಂದು ಬ್ರಿಟನ್ನಿನ ಖಗೋಳವಿಜ್ಞಾನಿ ಮಾರ್ಟಿನ್ ರೀಸ್ 1966ರಲ್ಲೇ ಬರೆದಿಟ್ಟಿದ್ದರು.

ಫೋನ್ ಇಲ್ಲದ ಕಾಲ ಎಂದುಕೊಳ್ಳಿ. ನಿಮ್ಮ ಸೋದರಮಾವ ಆಳಂದದಿಂದ ಕಲಬುರಗಿಗೆ, ಸುಮಾರು 40 ಕಿಲೋಮೀಟರ್, ನಡೆದು ಬರುತ್ತಾರೆ. ಬೆಳಿಗ್ಗೆ 6ಕ್ಕೆ ಹೊರಡುವಾಗ ‘ಈಗ ಹೊರಟೆ’ ಎಂದು ಚೀಟಿ ಬರೆದು ಒಬ್ಬ ಹುಡುಗನ ಕೈಯಲ್ಲಿ ಕೊಟ್ಟು ಕಳುಹಿಸುತ್ತಾರೆ. ಹುಡುಗ ಗಂಟೆಗೆ 5 ಕಿಲೋಮೀಟರ್ ನಡೆಯುತ್ತಾನೆ, ಮಧ್ಯಾಹ್ನ 2ಕ್ಕೆ ನಿಮ್ಮ ಬಾಗಿಲಲ್ಲಿ. ಮಾವ ಅವನ ನೂರು ಹೆಜ್ಜೆಗೆ ತೊಂಬತ್ತೊಂಬತ್ತು ಹೆಜ್ಜೆ ಇಡುತ್ತಾರೆ, ಹಾಗಾಗಿ ಐದೇ ನಿಮಿಷದ ಹಿಂದೆ ಅವರೂ ಬಂದುಬಿಡುತ್ತಾರೆ. ಚೀಟಿ ದಾರಿಯಲ್ಲಿ ಎಂಟು ಗಂಟೆ ಕಳೆದದ್ದನ್ನು ನೀವು ಮರೆತರೆ ನಿಮ್ಮ ಲೆಕ್ಕ ಹೀಗಾಗುತ್ತದೆ: 2ಕ್ಕೆ ಹೊರಟರು, 2 ಗಂಟೆ 5 ನಿಮಿಷಕ್ಕೆ ಬಂದರು, ಗಂಟೆಗೆ 480 ಕಿಲೋಮೀಟರ್! ಮಾವ ಓಡಿದ್ದು ಇಲ್ಲ, ಹಾರಿದ್ದೂ ಇಲ್ಲ. ತಾನು ಕಳುಹಿಸಿದ ಸುದ್ದಿಯ ಬೆನ್ನಿಗೇ ಬಂದರು, ಅಷ್ಟೇ.

ಗಂಟುಗಳದೂ ಇದೇ ಕಥೆ, ಸುದ್ದಿ ಹೊರುವ ಹುಡುಗ ಇಲ್ಲಿ ಬೆಳಕು. ಗಂಟು ಬೆಳಕಿನ ಶೇ 99ರಷ್ಟು ವೇಗದಲ್ಲಿ, ನಮ್ಮ ದೃಷ್ಟಿರೇಖೆಗೆ 8 ಡಿಗ್ರಿ ಓರೆಯಾಗಿ ಬರುತ್ತಿದೆ ಎನ್ನಿ. 100 ವರ್ಷದಲ್ಲಿ ಅದು 99 ಜ್ಯೋತಿರ್ವರ್ಷ ಸಾಗುತ್ತದೆ. ಅದರಲ್ಲಿ ನಮ್ಮ ಕಡೆಗೆ ಬಂದದ್ದು ಸುಮಾರು 98.04, ಪಕ್ಕಕ್ಕೆ ಸರಿದದ್ದು ಸುಮಾರು 13.8 ಜ್ಯೋತಿರ್ವರ್ಷ. ಹೊರಟಾಗಿನ ಬೆಳಕಿಗೂ 100 ವರ್ಷದ ನಂತರದ ಬೆಳಕಿಗೂ ನಮ್ಮಲ್ಲಿ ತಲುಪುವಾಗ ಉಳಿಯುವ ಅಂತರ 100ರಲ್ಲಿ 98.04 ಕಳೆದರೆ ಎರಡು ವರ್ಷಕ್ಕೂ ಕಡಿಮೆ, 1.96. ನಾವು ಕಾಣುವುದು ಪಕ್ಕದ ಸರಿತವನ್ನು ಮಾತ್ರ. 13.8ನ್ನು 1.96ರಿಂದ ಭಾಗಿಸಿ. ಏಳು ಬಂತಲ್ಲ? ಹಿಂದಿನ ವಾರದ ನಿಮ್ಮ ಪಾಠಕ್ಕೆ ಎಲ್ಲೂ ಧಕ್ಕೆಯಿಲ್ಲ. ಹುಡುಗನನ್ನು ಕರೆದು ಕಪ್ಪು ಹಲಗೆಯ ಮೇಲೆ ಅವನ ಕೈಯಿಂದಲೇ ಈ ಭಾಗಾಕಾರ ಮಾಡಿಸಿದರೆ ಒಳ್ಳೆಯದು. ‘ಬೆಳಕನ್ನೂ ಮೀರಿಸಿದ ಗೆಲಾಕ್ಸಿ’ ಎಂದು ಶೀರ್ಷಿಕೆ ಕೊಡುವವರಿಗೂ ಮಾಡಿಸಬೇಕು, ಆದರೆ ಅವರು ಕೈಗೆ ಸಿಗುವುದಿಲ್ಲ.

ಅದೇ ಶೇ 99, ಅದೇ 8 ಡಿಗ್ರಿ ಇಟ್ಟುಕೊಂಡೇ ಇನ್ನೊಂದು ಲೆಕ್ಕ ನೋಡಿ. ನಮ್ಮತ್ತ ಧಾವಿಸುವ ವಸ್ತುವಿನ ಬೆಳಕು ಮುಂದಕ್ಕೆ ಮುದುರಿಕೊಳ್ಳುತ್ತದೆ, ಎದುರು ನಿಂತವರಿಗೆ ಪ್ರಖರ, ಬೆನ್ನ ಹಿಂದಿನವರಿಗೆ ಮಂಕು. ಈ ಉದಾಹರಣೆಯಲ್ಲಿ ಮುಂದಿನ ಜೆಟ್ ಹಿಂದಿನದಕ್ಕಿಂತ ಏನಿಲ್ಲವೆಂದರೂ 10,000 ಪಟ್ಟು ಪ್ರಖರವಾಗಿ ಕಾಣುತ್ತದೆ. ಎರಡು ಜೆಟ್ ಇದ್ದರೂ ಚಿತ್ರದಲ್ಲಿ ಬಾಲ ಒಂದೇ ಇರುವುದು ಇದರಿಂದ. ಗ್ಯಾಮಾ ಕಿರಣವೂ ಇದೇ ಮುದುರುವಿಕೆಯ ಫಲಾನುಭವಿ. ಫರ್ಮಿ ಕಂಡ ಪ್ರಖರ ಬ್ಲೇಜಾರ್‌ಗಳನ್ನು ರೇಡಿಯೋದಲ್ಲಿ ನೋಡಿದಾಗ, ಗ್ಯಾಮಾದಲ್ಲಿ ಮಂಕಾದವುಗಳಿಗಿಂತ ಅವುಗಳ ಗಂಟುಗಳು ಸರಾಸರಿಯಲ್ಲಿ ಜೋರಾಗಿ ಓಡುವುದು ಕಂಡಿದೆ.

ಎಲ್ಲ ಬ್ಲೇಜಾರ್‌ಗಳೂ ಇಷ್ಟು ವಿಧೇಯವಾಗಿಲ್ಲ. ಮಾರ್ಕೇರಿಯನ್ 421 ಎಂಬುದೊಂದಿದೆ, ಸುಮಾರು 40 ಕೋಟಿ ಜ್ಯೋತಿರ್ವರ್ಷ ದೂರ. ಟೆರಾ ಎಲೆಕ್ಟ್ರಾನ್ ವೋಲ್ಟ್ ಮಟ್ಟದ, ಅತಿ ಕಡುಶಕ್ತಿಯ ಗ್ಯಾಮಾ ಕಿರಣ ಸೂಸುವ ಮೊದಲ ಹೊರ ಗೆಲಾಕ್ಸಿ ಎಂದು 1992ರಲ್ಲಿ ಸಿಕ್ಕಿದ್ದು ಅದೇ. ಅದರ ಗ್ಯಾಮಾ ಏರಿಳಿತ ನೋಡಿದರೆ ಜೆಟ್ ಭರ್ರನೆ ಓಡುತ್ತಿರಲೇಬೇಕು. ರೇಡಿಯೋ ಚಿತ್ರದಲ್ಲಿ ನೋಡಿದರೆ ಗಂಟುಗಳು ಮದುವೆ ಮೆರವಣಿಗೆಯಂತೆ ನಿಧಾನ. ಎರಡಕ್ಕೂ ಹೊಂದಿಕೆ ಹೇಗೆ? ಮಳೆಗಾಲದಲ್ಲಿ ಗಾಣಗಾಪುರದ ಸಂಗಮದ ಹತ್ತಿರ ತುಂಬಿದ ಭೀಮೆಯನ್ನು ನೋಡಿದವರಿಗೆ ಉತ್ತರ ಬೇಗ ಹೊಳೆಯುತ್ತದೆ. ನಡುನೀರಿನಲ್ಲಿ ಬಿದ್ದ ಮರದ ದಿಮ್ಮಿ ಕಣ್ಣೆದುರೇ ಮಾಯವಾಗುತ್ತದೆ, ದಡದ ಪಕ್ಕದ ಕಸಕಡ್ಡಿ ಅಲ್ಲಲ್ಲೇ ಸುತ್ತುತ್ತಿರುತ್ತದೆ. ಜೆಟ್‌ನ ನಡುವೆ ವೇಗದ ಸೆಳೆತ, ಹೊರಗೆ ನಿಧಾನದ ಹೊದಿಕೆ ಎಂಬ ವಿವರಣೆಯನ್ನು ನಾನು ಒಪ್ಪುತ್ತೇನೆ. ಗ್ಯಾಮಾ ಕಿರಣ ನಡುವಿನ ಸೆಳೆತದ್ದು, ರೇಡಿಯೋದಲ್ಲಿ ಎದ್ದು ಕಾಣುವುದು ಹೊದಿಕೆ. ಎಂ87ರಲ್ಲೂ ಮಾರ್ಕೇರಿಯನ್ 501ರಲ್ಲೂ ಜೆಟ್‌ನ ಅಂಚುಗಳು ನಡುವಿಗಿಂತ ಪ್ರಖರವಾಗಿ ಕಂಡಿರುವುದು ಇದಕ್ಕೆ ಒಳ್ಳೆಯ ಸಾಕ್ಷಿ. ಜೆಟ್ ಮುಂದೆ ಹೋದಂತೆ ವೇಗ ಕಳೆದುಕೊಳ್ಳುತ್ತದೆ ಎಂದು ವಾದಿಸುವವರೂ ಇದ್ದಾರೆ.

ಕಿರಣ ಹುಟ್ಟುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಜೆಟ್‌ನ ಎಲೆಕ್ಟ್ರಾನ್‌ಗಳು ಕಾಂತರೇಖೆಗಳ ಸುತ್ತ ಸುರುಳಿ ಸುತ್ತುವಾಗ ರೇಡಿಯೋ ಅಲೆ ಹೊರಡುತ್ತದೆ, ಅದು ಸಿಂಕ್ರೊಟ್ರಾನ್ ವಿಕಿರಣ. ಕಡುವೇಗದ ಎಲೆಕ್ಟ್ರಾನ್ ದಾರಿಯಲ್ಲಿ ಸಿಕ್ಕ ಬಡಪಾಯಿ ಬೆಳಕಿನ ಕಣಕ್ಕೆ, ಅಂದರೆ ಫೋಟಾನ್‌ಗೆ ಗುದ್ದಿ ತನ್ನ ಶಕ್ತಿ ಕೊಟ್ಟರೆ ಆ ಫೋಟಾನೇ ಗ್ಯಾಮಾ ಕಿರಣವಾಗುತ್ತದೆ, ಅದು ವಿಲೋಮ ಕಾಂಪ್ಟನ್. ಬ್ಲೇಜಾರ್‌ನಲ್ಲಿ ಗ್ಯಾಮಾ ಸೂಸುವ ಎಲೆಕ್ಟ್ರಾನ್‌ಗಳ ಶಕ್ತಿ ಬಲುಬೇಗ ಖರ್ಚಾಗುತ್ತದೆ, ಜೆಟ್‌ನ ತುದಿಗಳಲ್ಲಿ ಊದಿಕೊಂಡ ಬುಗ್ಗೆಗಳಲ್ಲಿ ರೇಡಿಯೋ ಸೂಸುವವು ಕೋಟಿಗಟ್ಟಲೆ ವರ್ಷ ಬಾಳುತ್ತವೆ. ಅದಕ್ಕೇ ಗ್ಯಾಮಾದಲ್ಲಿ ಇವತ್ತಿನ ಗಲಾಟೆ ಕಂಡರೆ, ರೇಡಿಯೋದಲ್ಲಿ ತಲೆತಲಾಂತರದ ಖಾತೆ ಪುಸ್ತಕವೇ ತೆರೆಯುತ್ತದೆ.

ಆ ಖಾತೆ ಓದುವುದರಲ್ಲಿ ನಮ್ಮವರ ಪಾಲು ದೊಡ್ಡದು. ಸಿಗ್ನಸ್ ಎ ಎಂಬ ರೇಡಿಯೋ ಗೆಲಾಕ್ಸಿಯ ರೇಡಿಯೋ ಬೆಳಕು ಗೆಲಾಕ್ಸಿಯಿಂದಲ್ಲ, ಅದರ ಎರಡೂ ಪಕ್ಕದ ಎರಡು ಬುಗ್ಗೆಗಳಿಂದ ಬರುತ್ತದೆ ಎಂದು 1953ರಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್‌ನಲ್ಲಿ ತೋರಿಸಿದ ಇಬ್ಬರಲ್ಲಿ ಒಬ್ಬರು ಮೃಣಾಲ್ ಕುಮಾರ್ ದಾಸ್‌ಗುಪ್ತ. ಪುಣೆಯಾಚೆ ನಾರಾಯಣಗಾಂವ್ ಬಳಿ ಖೋಡದ್‌ನಲ್ಲಿ ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಕಟ್ಟಿದ, 45 ಮೀಟರ್ ಅಗಲದ 30 ತಟ್ಟೆಗಳ ರೇಡಿಯೋ ದೂರದರ್ಶಕ ಜಿಎಂಆರ್‌ಟಿ ಇದೆ. ಉದ್ದನೆಯ ಅಲೆಗಳಲ್ಲಿ ನೋಡುವುದರಿಂದ ಮುದಿ ಎಲೆಕ್ಟ್ರಾನ್‌ಗಳ ಮಂಕು ಬುಗ್ಗೆಗಳೂ ಅದಕ್ಕೆ ಸಿಗುತ್ತವೆ. ಕಲಬುರಗಿಯಿಂದ ರಾತ್ರಿ ರೈಲು ಹಿಡಿದರೆ ಬೆಳಗಾಗುವಷ್ಟರಲ್ಲಿ ಪುಣೆ, ಹುಡುಗರನ್ನು ಒಮ್ಮೆ ಕರೆದುಕೊಂಡು ಹೋಗಿ. ದ್ರಾಕ್ಷಿ ತೋಟಗಳ ನಡುವೆ ಅಷ್ಟು ದೊಡ್ಡ ತಟ್ಟೆ ಸದ್ದಿಲ್ಲದೆ ತಿರುಗುವುದನ್ನು ನೋಡಿದ ಮಗು ಮತ್ತೆ ಆ ವಿಡಿಯೋಗಳಿಗೆ ಮರುಳಾಗಲಿಕ್ಕಿಲ್ಲ. 2024ರಲ್ಲಿ ಪ್ರಕಟವಾದ, ತುದಿಯಿಂದ ತುದಿಗೆ ಸುಮಾರು 2.3 ಕೋಟಿ ಜ್ಯೋತಿರ್ವರ್ಷ ಉದ್ದದ ಜೆಟ್ ಜೋಡಿಯನ್ನು ಯುರೋಪಿನ ದೂರದರ್ಶಕ ಹಿಡಿಯಿತು. ಅದು ಯಾವ ಗೆಲಾಕ್ಸಿಯದು ಎಂದು ಗುರುತಿಸುವಾಗ ನೆರವಾದದ್ದು ಜಿಎಂಆರ್‌ಟಿ.

ಗ್ಯಾಮಾ ಕಿರಣ ಜೆಟ್‌ನ ಯಾವ ಭಾಗದಲ್ಲಿ ಹುಟ್ಟುತ್ತದೆ ಎಂಬ ಜಗಳ ಮಾತ್ರ ಇನ್ನೂ ಹರಿದಿಲ್ಲ. ಗ್ಯಾಮಾ ಭುಗಿಲೆದ್ದ ಆಸುಪಾಸಿನಲ್ಲೇ ರೇಡಿಯೋ ತಿರುಳಿನಿಂದ ಹೊಸ ಗಂಟು ಹೊರಬಿದ್ದದ್ದು ಅನೇಕ ಬ್ಲೇಜಾರ್‌ಗಳಲ್ಲಿ ಕಂಡಿದೆ. ಅದನ್ನು ನಂಬಿದರೆ ಕಿರಣ ಹುಟ್ಟುವ ಜಾಗ ಕಪ್ಪುಕುಳಿಯಿಂದ ಹಲವು ಜ್ಯೋತಿರ್ವರ್ಷ ಆಚೆ. ಆದರೆ 2015ರ ಜೂನ್‌ನಲ್ಲಿ 3ಸಿ 279ರ ಗ್ಯಾಮಾ ಬೆಳಕು ನಿಮಿಷಗಳ ಲೆಕ್ಕದಲ್ಲಿ ಏರಿಳಿಯಿತು. ನಿಮಿಷಗಳಲ್ಲಿ ಮಿಣುಕಬೇಕಾದರೆ ಆ ಜಾಗ ತೀರ ಚಿಕ್ಕದಿರಬೇಕು, ಅಷ್ಟು ದೂರ ಹೋಗಿ ಹರಡಿಕೊಂಡ ಜೆಟ್‌ನಲ್ಲಿ ಅಂಥ ಚಿಕ್ಕ ಜಾಗ ಎಲ್ಲಿಂದ ಬರಬೇಕು? ಒಂದೇ ಜೆಟ್ ಒಂದೊಂದು ಸಲ ಒಂದೊಂದು ಕಡೆ ಸಿಡಿಯುತ್ತದೆ ಎಂದೇ ನನ್ನ ಅನಿಸಿಕೆ. ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟಲು ಹೊರಟವರ ಪ್ರಬಂಧಗಳನ್ನು ಓದಿ ಸುಸ್ತಾಗಿದ್ದೇನೆ.

ಅಪಾಯದ ಮಾತು. ಹುಡುಗ ಬಾಯಿಬಿಟ್ಟು ಕೇಳದಿದ್ದರೂ ಅವನ ತಲೆಯಲ್ಲಿ ಅದಿರುತ್ತದೆ. ಏನೂ ಇಲ್ಲ. ಇಷ್ಟು ದೂರದಿಂದ ಬರುವ ಗ್ಯಾಮಾ ಕಿರಣಗಳನ್ನು ಫರ್ಮಿ ಒಂದೊಂದಾಗಿ ಎಣಿಸಬೇಕು, ಅಷ್ಟು ವಿರಳ. ಬಂದವೂ ನಮ್ಮ ವಾತಾವರಣದ ಮೇಲ್ಭಾಗದಲ್ಲೇ ಮುಗಿದುಹೋಗುತ್ತವೆ. ಅತಿ ಶಕ್ತಿಯವು ಹಾಗೆ ಮುಗಿಯುವಾಗ ಕ್ಷಣಮಾತ್ರದ ನೀಲಿ ಮಿಣುಕನ್ನು ಉಳಿಸುತ್ತವೆ. ಆ ಮಿಣುಕನ್ನು ಹಿಡಿಯಲೆಂದೇ ಲಡಾಖ್‌ನ ಹಾನ್ಲೆಯಲ್ಲಿ 21 ಮೀಟರ್ ಅಗಲದ ಮೇಸ್ ದೂರದರ್ಶಕವನ್ನು ನಿಲ್ಲಿಸಿದ್ದಾರೆ. ಅದು ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಇದಕ್ಕೆ ಖರ್ಚಿಲ್ಲ. ಮೇ ತಿಂಗಳ ಅಮಾವಾಸ್ಯೆಯ ಹತ್ತಿರದ ಒಂದು ರಾತ್ರಿ, ಹತ್ತರ ಹೊತ್ತಿಗೆ ಮಕ್ಕಳನ್ನು ಮಾಳಿಗೆ ಹತ್ತಿಸಿ. ಶಹಾಬಾದ್ ಕಲ್ಲಿನ ನೆಲ ಆಗಲೂ ಬಿಸಿಯಿರುತ್ತದೆ, ಒಂದೆರಡು ಕೊಡ ನೀರು ಚೆಲ್ಲಿಸಿಕೊಳ್ಳಿ. ಸಪ್ತರ್ಷಿಗಳ ಬಾಲದ ಬಾಗನ್ನೇ ಮುಂದುವರಿಸಿದರೆ ಕೇಸರಿ ಬಣ್ಣದ ಸ್ವಾತಿ, ಇನ್ನೂ ಮುಂದುವರಿಸಿದರೆ ದಕ್ಷಿಣದಲ್ಲಿ ಬಿಳಿಯ ಚಿತ್ತಾ. ದಕ್ಷಿಣಕ್ಕೆ ಮುಖ ಮಾಡಿ ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ಚಿತ್ತಾದಿಂದ ಮೇಲಕ್ಕೆ, ಬಲಕ್ಕೆ ಓರೆಯಾಗಿ ಒಂದು ಮುಷ್ಟಿ ಎಣಿಸಿ. ಅಲ್ಲಿ ಬರಿಗಣ್ಣಿಗೆ ಏನೂ ಇಲ್ಲ, ಆದರೆ ಅದು 3ಸಿ 279ರ ಜಾಗ, ಸುಮಾರು 500 ಕೋಟಿ ಜ್ಯೋತಿರ್ವರ್ಷ ದೂರ. ಅದೇ ಓರೆಯಲ್ಲಿ ಇನ್ನೊಂದು ಮುಷ್ಟಿ, ಅದು 3ಸಿ 273. 1962ರಲ್ಲಿ ಚಂದ್ರ ಅದರ ಮುಂದೆ ಹಾದುಹೋದಾಗ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಿಂದ ಅದರ ಜಾಗವನ್ನು ಕರಾರುವಾಕ್ಕಾಗಿ ಹಿಡಿದರು, ಮರುವರ್ಷ ಮಾರ್ಟೆನ್ ಶ್ಮಿಟ್ ಅದು ನಕ್ಷತ್ರವಲ್ಲ, ಕೋಟ್ಯಂತರ ಜ್ಯೋತಿರ್ವರ್ಷ ಆಚೆಯದು ಎಂದು ಓದಿದರು. ಎಂಟು ಇಂಚಿನ ದೂರದರ್ಶಕ, ಒಳ್ಳೆಯ ನಕ್ಷೆ, ಕತ್ತಲೆಯ ಊರು ಇದ್ದರೆ ಅದು ಸಣ್ಣ ಚುಕ್ಕೆಯಾಗಿ ಕಣ್ಣಿಗೇ ಸಿಗುತ್ತದೆ. ನಿಮ್ಮ ತಾಲ್ಲೂಕಿನ ತೊಗರಿ ಹೊಲಗಳ ಕತ್ತಲೆ ಸಾಕು. ಮೂರನೆಯ ಮುಷ್ಟಿಯನ್ನು ನೆಟ್ಟಗೆ ಮೇಲಕ್ಕೆ ಎಣಿಸಿದರೆ ನೆತ್ತಿಯ ಹತ್ತಿರ ಎಂ87, ಸಣ್ಣ ದೂರದರ್ಶಕದಲ್ಲೂ ಹತ್ತಿಯ ಎಳೆಯಂತೆ ಮಬ್ಬಾಗಿ ಕಾಣುತ್ತದೆ. ಮೂರೂ ಗ್ಯಾಮಾ ಸೂಸುವವೇ, ಮೂರಕ್ಕೂ ಜೆಟ್ ಇದೆ. ಎಂ87ರದು ಮಾತ್ರ ನಮ್ಮಿಂದ ತುಸು ಹೆಚ್ಚೇ ಓರೆಯಾಗಿದೆ. ಅದು ಇನ್ನಷ್ಟು ನೇರವಾಗಿ ತಿರುಗಿದ್ದರೆ ಹೇಗೆ ಕಾಣುತ್ತಿತ್ತು ಎಂದು ಆ ಹುಡುಗನನ್ನೇ ಕೇಳಿ, ಅವನು ಹೇಳಿದ್ದನ್ನು ನನಗೆ ಬರೆದು ತಿಳಿಸಿ.